ಸಡಿಲ ಹೆಣಿಗೆ

ರೊಸಾರಿಯೊ ನಗರದ ಒಂದು ವರ್ಕ್‌ಶಾಪಿಗೆ ಹೊಸದಾಗಿ ಬಂದವರಿಗೆಲ್ಲ ಇವಾರಿಸ್ಟೊ ಕಿವಿ ಹಿಂಡಿ ಹೇಳುತ್ತಿದ್ದುದು ಒಂದೇ ಮಾತು: ತಿರುಗುವ ಮೆಷಿನ್ನಿನ ಮುಂದೆ ಕೈಗವಸು ಹಾಕಬೇಡ. ಅಂಥವನೇ, ಅಲ್ಲಿ ಚಳಿಗಾಲವಾದ ಜುಲೈ ತಿಂಗಳ ಒಂದು ಕೊರೆಯುವ ಬೆಳಗ್ಗೆ, ಉಣ್ಣೆಯ ಕೈಗವಸು ತೊಟ್ಟು ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಂತನೆಂದರೆ ಏನು ಹೇಳೋಣ! ಮಗಳು ಮಿರ್ನಾ ಬೇಕರಿ ಕೆಲಸ ಮುಗಿಸಿ ಬಂದು, ಜೀವಮಾನದಲ್ಲೇ ಮೊದಲ ಸಲ ಸೂಜಿ ಹಿಡಿದು, ಅಪ್ಪನ ಹುಟ್ಟುಹಬ್ಬಕ್ಕೆಂದು ಹೆಣೆದ ಜೋಡಿ ಅದು. ತೆಗೆದಿಡಲು ಅವನಿಗೆ ಮನಸ್ಸೇ ಬರಲಿಲ್ಲ. ಒಂದೇ ಒಂದು ತೂತು ತಾನೇ, ಕೊರೆದುಬಿಡೋಣ ಎಂದುಕೊಂಡ.

ತಿರುಗುವ ಬೈರಿಗೆ ಎಡಗೈಯ ಉಣ್ಣೆಗೆ ಬಾಯಿ ಹಾಕಿತು. ಕೂಗು ಕೇಳಿ ಪಕ್ಕದ ಲೇತಿನಿಂದ ಅನ್ಸೆಲ್ಮೊ ಹಾರಿ ಬಂದು ಕೆಂಪು ಗುಂಡಿ ಒತ್ತುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ, ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಉಳಿದಿವೆ ಎಂದು ಡಾಕ್ಟರಮ್ಮ ಹೇಳಿದಳು. ಇವಾರಿಸ್ಟೊ ಮಗುವಿನ ಹಾಗೆ ಅತ್ತುಬಿಟ್ಟ. ಆ ತಾಯಿ ನೂರು ವರ್ಷ ಬಾಳಲಿ, ಅನ್ಸೆಲ್ಮೊನ ಹೊಟ್ಟೆ ತಣ್ಣಗಿರಲಿ ಎಂದು ಕಂಡಕಂಡವರ ಮುಂದೆಲ್ಲ ಹೇಳಿಕೊಂಡ.

ಆದರೆ ಮಿರ್ನಾ ಅಪ್ಪನ ಮುಖ ನೋಡುವುದನ್ನೇ ಬಿಟ್ಟಳು. ಸೂಜಿಗಳನ್ನು ಮುರಿದು ಎಸೆದಳು. ಚಹಾದ ಹಾಗೆ ಮನೆಮಂದಿಯೆಲ್ಲ ಹಂಚಿಕೊಂಡು ಕುಡಿಯುವ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು ಅವನ ಮುಂದಿಟ್ಟು ಎದ್ದುಬಿಡುತ್ತಿದ್ದಳು.

"ಬಾರೇ, ಒಂದ್ ಗುಟುಕು ನೀನೂ ಕುಡಿ. ಇದನ್ನ ಒಬ್ರೇ ಕುಡೀತಾರೇನೆ?"

"ನೀನ್ ಕುಡಿ ಅಪ್ಪ. ನಂಗೆ ಕೆಲ್ಸ ಇದೆ."

ತಪ್ಪು ನಿನ್ನದಲ್ಲ ಎಂದು ಅವನು ಎಷ್ಟು ಸಲ ಹೇಳಿದರೂ, ಸಮಾಧಾನಕ್ಕೆ ಹೇಳುತ್ತಾನೆಂದೇ ಅವಳ ಎಣಿಕೆ. ಬೆರಳು ಹೋದ ನೋವು ಹೇಗೋ ತಡೆಯಬಹುದಿತ್ತು. ಮಗಳು ಕೈತಪ್ಪಿ ಹೋಗುತ್ತಿರುವುದನ್ನು ಅವನಿಂದ ತಡೆಯಲಾಗಲಿಲ್ಲ.

ವರ್ಕ್‌ಶಾಪಿನ ಅಂಗಳದಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಆ ಬೆಂಕಿ ಎಂದೂ ಇವಾರಿಸ್ಟೊನದೇ. ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಹೊರಟವನು ಮಗಳನ್ನೂ ಎಳೆದುಕೊಂಡು ಹೋದ.

"ಒಂದ್ ಕೈಲಿ ಕೆಂಡ ನೋಡೋದೋ, ಮಾಂಸ ಮಗುಚೋದೋ? ನೀನೇ ಸುಡ್ಬೇಕು, ಬಾ."

ಅವಳು ತಲೆ ಬಗ್ಗಿಸಿಕೊಂಡು ಸುಡುತ್ತಿದ್ದಳು. ಅನ್ಸೆಲ್ಮೊಗೆ ಬಾಯಿ ಸುಮ್ಮನಿರಬೇಕಲ್ಲ!

"ಏನ್ ಹೆಣಿಗೆ ಕಣಮ್ಮಾ ಅದು! ಮೀನ್ ಹಿಡಿಯೋ ಬಲೆ ಇದ್ದಂಗಿತ್ತು."

ಮಿರ್ನಾಳ ಕೈಯಿಂದ ಇಕ್ಕಳ ಜಾರಿತು.

"ತಮಾಷೆ ಮಾಡ್ಬೇಡ ಮಾಮ. ಅಪ್ಪನ್ ಕೈ ತಿಂದವಳು ನಾನೇ."

"ಥೂ ಹುಚ್ಚೀ! ಮೆಷಿನ್ನಿಗೆ ಸುತ್ಕೊಂಡಿದ್ದ ಉಣ್ಣೆ ಬಿಡಿಸಿದ್ದು ನಾನು. ಬಿಗಿಯಾಗಿ ಹೆಣೆದಿದ್ರೆ ಮಣಿಕಟ್ಟಿನ್ ತನಕ ಎಳ್ಕೋತಿತ್ತು. ನಮ್ ಭಾವಂಗೂ ಹಿಂಗೇ ಆಗಿತ್ತು, ಅವಂದು ಚರ್ಮದ ಗವಸು, ಒಂದ್ ಬೆರಳೂ ಉಳೀಲಿಲ್ಲ. ನಿಂದು ಪರಪರ ಬಿಚ್ಕೊಂಡ್ ಬಂತು, ಕೈ ಬಿಟ್ಟುಕೊಡ್ತು. ಗೊತ್ತಾಯ್ತಾ?"

ಮಿರ್ನಾ ಅಪ್ಪನತ್ತ ತಿರುಗಿದಳು. "ಹೌದಾ?"

"ಗವಸು ಹಾಕ್ಕೊಂಡಿದ್ದು ನನ್ ಪೆದ್ದುತನ. ಕೈ ಉಳಿದಿದ್ದು ನಿನ್ನಿಂದ. ಬಾಯಿ ನೋಯೋ ಹಂಗೆ ಹೇಳ್ದೆ, ಕೇಳಿದ್ಯಾ? ಥೇಟ್ ನಿಮ್ಮಮ್ಮನ ಮೊಂಡುತನ!"

ಅವಳು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡು ಮಾಂಸ ಮಗುಚಿದಳು. ಅಂಚು ಕೊಂಚ ಕರಕಲಾಗಿತ್ತು, ಯಾರೂ ಕೊಂಕು ನುಡಿಯಲಿಲ್ಲ. ಮೊದಲ ತುತ್ತು ಬಾಯಿಗೆ ಬಿದ್ದಕೂಡಲೇ ಅನ್ಸೆಲ್ಮೊ ವಾಡಿಕೆಯಂತೆ ಎದ್ದು ಕೂಗಿದ: "ಸುಟ್ಟವರಿಗೆ ಒಂದು ಚಪ್ಪಾಳೆ!"

ಅಂಗಳವೆಲ್ಲ ಚಪ್ಪಾಳೆ. ಇವಾರಿಸ್ಟೊ ಕೂಡ ಉತ್ಸಾಹದಿಂದ ಬಲಗೈ ಎತ್ತಿದ. ಎಡಗೈ ಎದೆಯ ಮೇಲೆ ಬಟ್ಟೆಯ ಜೋಳಿಗೆಯಲ್ಲಿತ್ತು. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು.

ಮಿರ್ನಾ ಅದನ್ನು ನೋಡಿದಳು. ಮಸಿ ಹತ್ತಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಓಡಿಬಂದು ಅವನ ಅಂಗೈಗೆ ಎದುರಾಗಿ ಹಿಡಿದಳು. ಅವನು ಮೆಲ್ಲಗೆ ತಟ್ಟಿದ.

"ಜೋರಾಗ್ ಹೊಡಿ ಅಪ್ಪ," ಎಂದಳು. "ನಂಗೇನ್ ನೋಯಲ್ಲ."