ಅಕ್ಕನ ಅಡಿಟಿಪ್ಪಣಿ

ಮೂವತ್ತು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮನೆಯೆಂದರೆ ಎರಡು ಕೋಣೆ, ಇಬ್ಬರು ಅಕ್ಕತಂಗಿಯರು. ಅಕ್ಕ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಪುಟ್ಟಿ ಇನ್ನೂ ಒಂದನೇ ಕ್ಲಾಸು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕ ಕಾಲೇಜನ್ನು ಅರ್ಧಕ್ಕೆ ಬಿಟ್ಟು, ಅಂಗಿ ಹೊಲಿಯುವ ಕಾರ್ಖಾನೆ ಸೇರಿದಳು. ಬೆಳಿಗ್ಗೆ ತಂಗಿಯ ಜಡೆ ಹೆಣೆದು ಶಾಲೆಗೆ ಅಟ್ಟಿ, ತಾನು ಬಸ್ಸಿಗೆ ಓಡುತ್ತಿದ್ದಳು. ಹದಿಮೂರು ವರ್ಷ ಮೆಷಿನ್ ಮುಂದೆ ಕೂತ ಮೇಲೆ ಸೂಪರ್‌ವೈಸರ್ ಆದಳು.

ಪುಟ್ಟಿ ಈಗ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಆಧುನಿಕ ರಾಜಕೀಯ ಚಿಂತನೆಯಲ್ಲಿ ಅಧಿಕಾರವನ್ನು ಹೇಗೆಲ್ಲ ವಿಮರ್ಶೆಗೆ ಒಡ್ಡಿದ್ದಾರೆ ಅನ್ನುವುದು ಅವಳ ವಿಷಯ.

"ಅಧಿಕಾರ ಅಂದ್ರೆ ಯಾರದು? ಮಂತ್ರಿಗಳದ್ದಾ?" ಎಂದು ಅಕ್ಕ ಒಮ್ಮೆ ತರಕಾರಿ ಹೆಚ್ಚುತ್ತಾ ಕೇಳಿದ್ದಳು.

"ಅವರೊಬ್ಬರದೇ ಅಲ್ಲಕ್ಕ. ಕೋಲು ಹಿಡಿದವನ ಅಧಿಕಾರ ಕಣ್ಣಿಗೆ ಕಾಣುತ್ತೆ. ಕೆಲವು ವಿಷಯದ ಬಗ್ಗೆ ಮಾತೇ ಏಳದ ಹಾಗೆ ನೋಡಿಕೊಳ್ಳೋದೂ ಅಧಿಕಾರವೇ. ಇನ್ನೂ ಒಂದಿದೆ. ಜನ ಏನು ಬಯಸಬೇಕು ಅನ್ನೋದನ್ನೇ ತಿದ್ದಿಬಿಟ್ರೆ ಕೋಲೇ ಬೇಕಾಗಲ್ಲ."

"ಇಷ್ಟಕ್ಕೆ ಐದು ವರ್ಷನಾ?" ಎಂದು ಅಕ್ಕ ಹೆಚ್ಚಿದ್ದನ್ನು ಬಾಣಲೆಗೆ ಸುರಿದಳು.

ಮೂರನೇ ವರ್ಷ ಅವಳು ಬರೆದದ್ದನ್ನೆಲ್ಲ ಗೈಡ್ ಓದಿ ಕನ್ನಡಕ ತೆಗೆದಿಟ್ಟರು. ಮಾತು ಕಡಿಮೆಯ ವಯಸ್ಸಾದ ಹೆಂಗಸು. "ಎಲ್ಲ ಸರಿಯಾಗಿದೆ. ಆದರೆ ಒಬ್ಬ ಮನುಷ್ಯನೂ ಇಲ್ಲ ಇದರಲ್ಲಿ. ಹೋಗಿ ಎಲ್ಲಾದರೂ ಕೂತು ನೋಡು. ಹೇಳಿದ ಮಾತು ಕೇಳುತ್ತಾ ಜನ ದಿನ ಕಳೆಯುವ ಜಾಗ ಯಾವುದಾದರೂ ಆದೀತು," ಎಂದರು.

ಪುಟ್ಟಿಗೆ ಗೊತ್ತಿದ್ದ ಅಂಥ ಜಾಗ ಒಂದೇ. ಕೇಳಿದಾಗ ಅಕ್ಕ ಮಾಲೀಕರ ಅನುಮತಿ ತಂದುಕೊಟ್ಟಳು, ಜೊತೆಗೆ ತನ್ನದೊಂದು ಷರತ್ತೂ ಹಾಕಿದಳು. "ಕೈ ಕಟ್ಟಿಕೊಂಡು ಕೂರೋ ಹಾಗಿಲ್ಲ. ಅಷ್ಟು ಹೆಂಗಸರು ದುಡೀತಿರುವಾಗ ಒಬ್ಬಳು ಕೂತು ನೋಡ್ತಿದ್ರೆ ಚೆನ್ನಾಗಿರಲ್ಲ. ದಾರ ಕತ್ತರಿಸು."

ಹೀಗೆ ಪುಟ್ಟಿ ಮೂರು ವಾರ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕೂತು, ಹೊಲಿದು ಬಂದ ಅಂಗಿಗಳ ಎಳೆದಾರಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿದಳು. ನಡುನಡುವೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಉದ್ದನೆಯ ಹಾಲ್, ನಾಲ್ಕು ಸಾಲು ಮೆಷಿನ್, ಮೇಲೆ ಟ್ಯೂಬ್‌ಲೈಟು, ಗಾಳಿಯಲ್ಲಿ ಬಟ್ಟೆಯ ನವಿರು ಧೂಳು. ಅಲ್ಲಿ ಒಬ್ಬೊಬ್ಬರೂ ಒಂದೊಂದು ಭಾಗ ಹೊಲಿಯುತ್ತಿದ್ದರು, ಅದೇ ಅವರ ಹೆಸರೂ ಆಗಿತ್ತು. ಕಾಲರ್ ಹೊಲಿಯುವವಳು ಕಾಲರಮ್ಮ. ಜೇಬು ಹೊಲಿಯುವವಳು ಜೇಬಮ್ಮ. ಹೊಸದಾಗಿ ಬಂದಿದ್ದ ಪುಟ್ಟಿ ಎರಡೇ ದಿನದಲ್ಲಿ ದಾರಮ್ಮ ಆದಳು. ಹೆಸರು ಕಳೆದುಕೊಂಡು ಕೆಲಸವೇ ಆಗಿಹೋಗುವುದು ಅಂದರೆ ಇದೇ ಎಂದು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದಳು.

ಅಕ್ಕನ ಮೇಜಿನ ಪಕ್ಕದ ಗೋಡೆಗೆ ಒಂದು ಮೊಳೆ, ಮೊಳೆಗೆ ದಾರ ಪೋಣಿಸಿದ ಒಂದು ಮರದ ಬಿಲ್ಲೆ. ಶೌಚಾಲಯಕ್ಕೆ ಹೋಗುವವರು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಬಿಲ್ಲೆ ಮೊಳೆಯ ಮೇಲಿಲ್ಲದಿದ್ದರೆ ಕಾಯಬೇಕು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆದರೆ ಎದ್ದವರೆಲ್ಲ ಬಿಲ್ಲೆಗೆ ಕೈ ಹಾಕುವ ಮುಂಚೆ ಅಕ್ಕನ ಮುಖ ನೋಡುತ್ತಿದ್ದರು. ಅಕ್ಕ ತಲೆ ಎತ್ತುತ್ತಲೂ ಇರಲಿಲ್ಲ. ಅವಳ ಹುಬ್ಬು ಗಂಟಿಕ್ಕಿದ್ದರೆ ಕಾಲರಮ್ಮ ಅರ್ಧ ಎದ್ದವಳು ಮತ್ತೆ ಕೂತುಬಿಡುತ್ತಿದ್ದಳು. ಒಮ್ಮೊಮ್ಮೆ ಗಂಟೆಗಟ್ಟಲೆ ಕಾಲು ಜೋಡಿಸಿಕೊಂಡು ಹೊಲಿಯುತ್ತಿದ್ದಳು. ಮೂರು ವಾರದಲ್ಲಿ ಒಂಬತ್ತು ದಿನ ಪುಟ್ಟಿ ಇದನ್ನು ಕಂಡಳು. ಒಂದು ಮಧ್ಯಾಹ್ನ ತಾನೇ ಎದ್ದು, ಅಕ್ಕನ ಮುಖ ನೋಡಿ, ಮತ್ತೆ ಕೂತಳು. ಕೂತ ಮೇಲೆ ತಾನು ಮಾಡಿದ್ದೇನೆಂದು ಹೊಳೆದು ಕಿವಿ ಬಿಸಿಯಾಯಿತು.

ಅದೇ ಅಕ್ಕ ಮನೆಯಲ್ಲಿ, "ಕತ್ತರಿ ಹಿಡಿದು ಬೆರಳಿಗೆ ಬೊಕ್ಕೆ ಬಂದಿದೆ ನೋಡು," ಎಂದು ತಂಗಿಯ ಹೆಬ್ಬೆರಳಿಗೆ ಮುಲಾಮು ಹಚ್ಚುತ್ತಿದ್ದಳು. ಪುಟ್ಟಿ ಕೈ ಕೊಟ್ಟು ಬೇರೆಡೆ ನೋಡುತ್ತಿದ್ದಳು.

ಕಾರ್ಖಾನೆಯ ಬಗ್ಗೆ ಬರೆದ ಅಧ್ಯಾಯ ಮೂವತ್ತೆಂಟು ಪುಟವಾಯಿತು. ಅದರಲ್ಲಿ ಅಕ್ಕನ ಹೆಸರಿರಲಿಲ್ಲ, 'ಮೇಲ್ವಿಚಾರಕಿ' ಎಂದಿತ್ತು. ಬಿಲ್ಲೆಯನ್ನು 'ಕೊರಳಿಗೆ ಬಿದ್ದ ಮೂಗುದಾರ' ಎಂದು ಕರೆದಿದ್ದಳು. ಗೈಡ್ ಓದಿ, "ನೀನು ಬರೆದದ್ದರಲ್ಲಿ ಇದೇ ಚೆನ್ನಾಗಿದೆ. ಆ ಮೇಲ್ವಿಚಾರಕಿ ಇದನ್ನು ಓದಿದ್ದಾರಾ?" ಎಂದು ಕೇಳಿದರು.

"ಇಲ್ಲ."

"ಯಾಕೆ?"

ಗೈಡ್ ಹಾಳೆಗಳನ್ನು ಜೋಡಿಸಿ ಅವಳ ಕೈಗಿತ್ತರು. "ಅವರ ಬಗ್ಗೆ ತೀರ್ಪು ಬರೆದಿದ್ದೀಯ. ಅವರಿಗೇ ಗೊತ್ತಿಲ್ಲ. ಮೊದಲು ಕೊಟ್ಟು ಬಾ."

ಕೊಟ್ಟಳು. ಅಕ್ಕ ಅದನ್ನು ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋಗಿ, ಊಟದ ಬಿಡುವಿನಲ್ಲಿ ಪೆನ್ಸಿಲ್ ಹಿಡಿದು ನಾಲ್ಕು ದಿನ ಓದಿದಳು. ಆ ನಾಲ್ಕು ದಿನವೂ ಸಂಜೆ ಪುಟ್ಟಿಯ ಕಣ್ಣು ಆ ಚೀಲದ ಮೇಲೇ ಇತ್ತು. ಅಕ್ಕ ಮಾತ್ರ ಎಂದಿನಂತೆ ಬಸ್ಸು ತಡವಾದದ್ದನ್ನು, ನಲ್ಲಿ ತೊಟ್ಟಿಕ್ಕುವುದನ್ನು ಮಾತಾಡಿದಳು. ಐದನೇ ದಿನ ರಜೆ. ಬೆಳಿಗ್ಗೆ ಚಹಾ ಲೋಟದ ಪಕ್ಕ ಹಾಳೆಗಳನ್ನು ತಂದಿಟ್ಟಳು.

"ಮೆಷಿನ್ ನಲವತ್ತಲ್ಲ, ನಲವತ್ತೆರಡು. ತೋಳು ಕೂಡಿಸಿದ ಮೇಲೆ ಕಾಲರ್ ಅಂತ ಬರೆದಿದ್ದೀಯ. ನಮ್ಮಲ್ಲಿ ಕಾಲರ್ ಮೊದಲು."

"ಸರಿ ಮಾಡ್ತೀನಿ."

ಇಪ್ಪತ್ತಾರನೇ ಪುಟದಲ್ಲಿ 'ಮೂಗುದಾರ' ಎಂಬ ಪದದ ಕೆಳಗೆ ಪೆನ್ಸಿಲ್ ಗೆರೆಯೊಂದಿತ್ತು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

"ಆ ಬಿಲ್ಲೆ ಮಾಡಿಸಿದ್ದು ನಾನು," ಎಂದಳು ಅಕ್ಕ. "ನಾನು ಸೇರಿದಾಗ ಬಿಲ್ಲೆ ಇರಲಿಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳೋ ಹಾಗೆ ಯಾಕೆ ಹೋಗಬೇಕು ಅಂತ ಹೇಳಬೇಕಿತ್ತು. ಬಟ್ಟೆ ಕತ್ತರಿಸೋ ಗಂಡಸರೆಲ್ಲ ಅಲ್ಲೇ ನಿಂತಿರೋರು. ನಗೋರು. ನಾನು ಎಷ್ಟೋ ವರ್ಷ ಕೆಲಸಕ್ಕೆ ಹೋದ ಮೇಲೆ ನೀರೇ ಕುಡೀತಿರಲಿಲ್ಲ. ಸೂಪರ್‌ವೈಸರ್ ಆದ ವಾರವೇ ಬಡಗಿ ಹತ್ರ ಹೋಗಿ ಅದನ್ನ ಮಾಡಿಸಿದೆ. ಇನ್ನು ಯಾರೂ ಬಾಯಿಬಿಟ್ಟು ಹೇಳೋದು ಬೇಡ ಅಂತ."

ಪುಟ್ಟಿಯ ಮುಖ ಸಣ್ಣದಾಯಿತು. "ನನಗೆ ಗೊತ್ತಿರಲಿಲ್ಲಕ್ಕ. ಆ ಭಾಗ ತೆಗೆದುಬಿಡ್ತೀನಿ."

"ಯಾಕೆ ತೆಗೀತೀಯ? ನೀನು ಬರೆದಿದ್ದು ಸುಳ್ಳಾ? ಕಾಲರಮ್ಮ ತಡ್ಕೊಂಡು ಕೂರ್ತಾಳಾ?"

"ಹೂಂ. ನಾನು ನೋಡಿದ್ದೇ ಒಂಬತ್ತು ದಿನ."

ಅಕ್ಕ ಲೋಟವನ್ನು ಕೆಳಗಿಟ್ಟಳು. "ನಾನು ಅಲ್ಲೇ ಇದ್ದೆ. ನನಗೆ ಕಾಣಲಿಲ್ಲ," ಎಂದಳು. ಆಮೇಲೆ ಎದ್ದು ಹೋಗಿ, ಒಗೆದು ಮಡಚಿಟ್ಟಿದ್ದ ಬಟ್ಟೆಗಳನ್ನೇ ಮತ್ತೊಮ್ಮೆ ಮಡಚತೊಡಗಿದಳು. ಪುಟ್ಟಿ ಪಕ್ಕದಲ್ಲಿ ಕೂತು ಒಂದು ತುದಿ ಹಿಡಿದುಕೊಂಡಳು.

ಮರುದಿನ ಅಕ್ಕ ಕಾಲರಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಅಂಥದ್ದೇನಿಲ್ಲಕ್ಕ," ಎಂದಳಂತೆ ಕಾಲರಮ್ಮ. ಮನೆಗೆ ಬಂದ ಅಕ್ಕ ಚಪ್ಪಲಿ ಬಿಡುವಾಗಲೇ ಶುರು ಮಾಡಿದಳು. "ಹನ್ನೊಂದು ವರ್ಷದಿಂದ ನನ್ನೆದುರೇ ಕೂತಿದ್ದಾಳೆ. ನನಗೇ ಅಂಥದ್ದೇನಿಲ್ಲ ಅಂತಾಳಲ್ಲ. ನಿನ್ನ ಪುಸ್ತಕದಲ್ಲಿ ಇದಕ್ಕೇನು ಬರೆದಿದ್ದಾರೆ?"

ಆ ವಾರ ಇಡೀ ಅಕ್ಕತಂಗಿಯರು ಸಂಜೆ ಅಡುಗೆಮನೆಯಲ್ಲಿ ಓದಿದರು. ಪುಟ್ಟಿ ಒಂದು ಪ್ಯಾರಾ ಓದುವಳು, ಬಿಡಿಸಿ ಹೇಳುವಳು. ಅಕ್ಕ, "ಇದನ್ನೇ ನೆಟ್ಟಗೆ ಬರೆಯೋಕೆ ಅವರಿಗೇನು ಧಾಡಿ?" ಎನ್ನುವಳು. ಒಂದು ಕಡೆ ಮಾತ್ರ ತಡೆದು, ಮತ್ತೆ ಓದಿಸಿದಳು. ಮೇಲಿನವರು ಕೇಳಿದಾಗ ಕೆಳಗಿನವರು ಹೇಳುವುದು ಒಂದು, ತಮ್ಮತಮ್ಮಲ್ಲೇ ಇದ್ದಾಗ ಹೇಳುವುದು ಇನ್ನೊಂದು ಎಂಬುದು ಅಲ್ಲಿನ ಸಾರ.

"ಪರಿಹಾರ ಯಾವ ಪುಟದಲ್ಲಿದೆ?"

"ಪರಿಹಾರ ಅಂತ ಇವರು ಹೆಚ್ಚಾಗಿ ಬರೆಯಲ್ಲಕ್ಕ."

"ಮತ್ತೆ ಯಾಕಾದ್ರೂ ಅಚ್ಚು ಹಾಕಿದ್ರೋ," ಎಂದಳು ಅಕ್ಕ. ಆದರೆ ಪುಸ್ತಕ ಮುಚ್ಚಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಅಕ್ಕ ಹೆಂಗಸರಿಗೆಲ್ಲ, "ಬಿಲ್ಲೆ ವಿಷಯ ನೀವೇ ಮಾತಾಡಿ ಹೇಳಿ. ನಾನಿಲ್ಲಿರಲ್ಲ," ಎಂದು ಹೇಳಿ, ಬಟ್ಟೆ ಕತ್ತರಿಸುವ ಕೋಣೆಗೆ ಹೋಗಿ ಒಬ್ಬಳೇ ಕೂತಳು. ಅಂದು ಜೊತೆಗೆ ಬಂದಿದ್ದ ಪುಟ್ಟಿಯನ್ನೂ ಹೊರಗೆ ಕಳಿಸಿದ್ದಳು. ಅರ್ಧ ಗಂಟೆ ಹಾಲ್‌ನಿಂದ ಗದ್ದಲ ಕೇಳಿತು. ಬಿಲ್ಲೆಯೇ ಬೇಡವೆಂದು ಕೆಲವರು. ಬಿಲ್ಲೆ ಹೋದರೆ ಪಕ್ಕದವಳು ಹರಟೆಗೆ ಹೋಗಿ ತನ್ನ ಕೆಲಸ ನಿಲ್ಲುತ್ತದೆಂದು ಜೇಬಮ್ಮ. ಕೊನೆಗೆ ಕಾಲರಮ್ಮನೇ ಬಂದು ಬಾಗಿಲಲ್ಲಿ ನಿಂತಳು.

"ಎರಡು ಬಿಲ್ಲೆ ಆಗಲಿ ಅಂದ್ವಿ. ಮೊಳೆ ಹಿಂದಿನ ಗೋಡೆಗೆ ಹೋಗಲಿ. ಅಲ್ಲಿಗೆ ನಿಮ್ಮ ಕಣ್ಣು ಬೀಳಲ್ಲ."

"ಆಯ್ತು. ಇನ್ನೇನು?"

ಕಾಲರಮ್ಮ ಸೆರಗಿನ ತುದಿ ಸುತ್ತಿದಳು. "ನೀವು ಸೂಪರ್‌ವೈಸರ್ ಆದ ಮೇಲೆ ಒಬ್ಬರೇ ಊಟ ಮಾಡ್ತೀರಿ. ಮುಂಚೆ ನಮ್ಮ ಜೊತೆ ಕೂರ್ತಿದ್ರಿ."

"ನಾನಿದ್ರೆ ನಿಮಗೆ ಮಾತಾಡೋಕೆ ಕಷ್ಟ ಅಂತ ಬಿಟ್ಟಿದ್ದು."

"ಕಷ್ಟವೇ. ಆದ್ರೂ ಬನ್ನಿ."

ಹೊರಗಿದ್ದ ಪುಟ್ಟಿ ಅವಕಾಶ ಬಿಡಲಿಲ್ಲ. "ಹೆಸರು ಬಿಟ್ಟು ಕಾಲರ್, ಜೇಬು ಅಂತ ಕರೆಯೋದು ನಿಮಗೆ ಬೇಜಾರಿಲ್ವಾ?"

ಕಾಲರಮ್ಮ ಅವಳನ್ನು ಕನಿಕರದಿಂದ ನೋಡಿದಳು. "ನನ್ನ ಹಾಗೆ ಕಾಲರ್ ಹೊಲಿಯೋರು ಈ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ ದಾರಮ್ಮ. ಅದು ಬಿಟ್ಟು ನನ್ನ ಹೆಸರು ಹಿಡಿದು ಕರೆದ್ರೆ, ಅದು ಯಾರಿಗೆ ಬೇಕು?"

ಪುಟ್ಟಿ ಮನೆಗೆ ಬಂದು ಎರಡು ಗೆರೆ ಎಳೆದಿದ್ದ ಆ ವಾಕ್ಯದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಅಧ್ಯಾಯವನ್ನು ಮತ್ತೆ ಬರೆಯುವಾಗ ಬಿಲ್ಲೆಯ ಹಿಂದಿನ ಕತೆ ಸೇರಿಸಲು ಕೂತಳು. ಅಕ್ಕ ತಡೆದಳು. "ನನ್ನ ಪರವಾಗಿ ನೀನು ಬರೀಬೇಡ. ನೀನು ನೋಡಿದ್ದು ನೀನು ಬರಿ. ನನ್ನ ಮಾತು ನಾನು ಬರೀತೀನಿ." ಮೂರು ರಜೆಯ ದಿನ ಕೂತು ಒಂದೂವರೆ ಪುಟ ಬರೆದಳು. ಪುಟ್ಟಿ ಅದರಲ್ಲಿ ಒಂದಕ್ಷರ ತಿದ್ದದೆ, ಹದಿನೇಳನೇ ಅಡಿಟಿಪ್ಪಣಿಯಾಗಿ ಹಾಕಿದಳು. ಮೇಲೆ ತಂಗಿಯ ಟೀಕೆ ಹಾಗೇ ಇತ್ತು, ಕೆಳಗೆ ಅಕ್ಕನ ಉತ್ತರ.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಅಕ್ಕ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಹೊರಗಿನಿಂದ ಬಂದ ಪರೀಕ್ಷಕರು ಒಂದು ಗಂಟೆ ಪುಟ್ಟಿಯನ್ನು ಜಾಲಾಡಿದರು. ಅವಳು ಎಲ್ಲದಕ್ಕೂ ನಿಧಾನವಾಗಿ ಉತ್ತರಿಸಿದಳು. ಕೊನೆಗೆ ಅವರು, "ಬಿಲ್ಲೆ ಹಿಂದಿನ ಗೋಡೆಗೆ ಹೋಯಿತು ಅಂತೀರಿ. ಅಂದರೆ ಆ ಮೇಲ್ವಿಚಾರಕಿ ತಮ್ಮ ಅಧಿಕಾರ ಬಿಟ್ಟುಕೊಟ್ಟರು ಅಂತಲೇ?" ಎಂದು ಕೇಳಿದರು.

ಪುಟ್ಟಿ ಹಿಂದಿನ ಸಾಲಿನತ್ತ ನೋಡಿದಳು. "ಅದನ್ನು ಅಡಿಟಿಪ್ಪಣಿ ಬರೆದವರನ್ನೇ ಕೇಳಬಹುದು. ಇಲ್ಲೇ ಇದ್ದಾರೆ," ಎಂದಳು.

ಎಲ್ಲರೂ ಹಿಂದೆ ತಿರುಗಿದರು. ಅಕ್ಕ ಎದ್ದು ನಿಂತಳು.

"ಇಲ್ಲ ಸಾರ್, ಬಿಟ್ಟಿಲ್ಲ. ಮೊಳೆ ಅಲ್ಲಿಗೆ ಹೊಡೀರಿ ಅಂತ ಹೇಳಿದ್ದೂ ನಾನೇ ಅಲ್ವಾ? ನಾನು ಬೇಡ ಅಂದಿದ್ರೆ ಮೊದಲಿದ್ದಲ್ಲೇ ಇರ್ತಿತ್ತು. ಆದ್ರೆ ಈಗ ಅವರು ಊಟದ ಹೊತ್ತಲ್ಲಿ ನನ್ನ ಬೈತಾರೆ. ಮುಂಚೆ ಬೈತಿರಲಿಲ್ಲ. ಅಷ್ಟಾಗಿದೆ."

ಪರೀಕ್ಷಕರು ನಕ್ಕು, ಅದನ್ನು ಬರೆದುಕೊಂಡರು. ಗೈಡ್ ಕನ್ನಡಕ ತೆಗೆದು ಒರೆಸಿದರು. ಹತ್ತು ನಿಮಿಷದಲ್ಲಿ ಪುಟ್ಟಿ ಡಾಕ್ಟರಾದಳು.

ಮೆಟ್ಟಿಲಿಳಿದು ಬರುವಾಗ ಅಕ್ಕ ಅವಳ ತೋಳು ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ಆದರೆ ಹೇಳಿದ್ದು ಬೇರೆಯೇ. "ಆ ಪರೀಕ್ಷಕರ ಅಂಗಿ ನೋಡಿದೆಯಾ? ಎಡಗಡೆ ತೋಳು ಅರ್ಧ ಇಂಚು ಗಿಡ್ಡ. ಅಷ್ಟು ದೊಡ್ಡ ಮನುಷ್ಯ, ಪಾಪ, ಯಾರೂ ಹೇಳಿಲ್ಲ."

"ನೀನು ಹೇಳಬಹುದಿತ್ತಲ್ಲ?"

"ನಿನ್ನ ಡಿಗ್ರಿ ಕೈಗೆ ಬರಲಿ ಅಂತ ಸುಮ್ಮನಿದ್ದೆ," ಎಂದಳು ಅಕ್ಕ.

ಪುಟ್ಟಿ ಮೆಟ್ಟಿಲ ಮೇಲೆಯೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕ ಸ್ವಲ್ಪ ಹೊತ್ತು ನಿಂತು ನೋಡಿ, ಸೀರೆ ಸುಕ್ಕಾದರೂ ಆಗಲಿ ಎಂದು ತಾನೂ ಪಕ್ಕದಲ್ಲಿ ಕೂತಳು.