ನಿಘಂಟಿನೊಳಗಿದ್ದ ಕಾಗದ

"ಆ ಅಪ್ಪ ಕಳ್ಳ. ಅದಕ್ಕೆ ಇನ್ನೊಂದು ಹೆಸರಿಲ್ಲ."

"ಹೆತ್ತವನನ್ನ ಕಳ್ಳ ಅಂತೀಯಾ? ನಾಲಿಗೆ ಬಿಗಿ ಹಿಡಿದು ಮಾತಾಡು," ಮೇಷ್ಟ್ರು ಗುಡುಗಿದರು. "ಮಗಳು ದೂರ ಹೋಗಿ ಕೆಡದೆ ಇರಲಿ ಅಂತ ಮಾಡಿದ."

"ಹೋಗಬೇಡ ಅಂತ ಮುಖಕ್ಕೆ ಹೇಳಿದ್ರೆ ಜಗಳ ಆಡ್ತಿದ್ಲು ಸಾರ್. ಉತ್ತರಾನೇ ಬಂದಿಲ್ಲ ಅಂತ ಸುಳ್ಳು ಯಾಕೆ?"

ಜಗಳವೆಲ್ಲ ಇನ್ನೂರು ವರ್ಷ ಹಳೆಯ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಮಗಳಿಗೆ ಬಂದ ಕಾಗದ ಬಚ್ಚಿಟ್ಟ ಅಪ್ಪನ ಬಗ್ಗೆ. ವಾದಿಸುತ್ತಿದ್ದವಳು ಮೇಷ್ಟ್ರ ಸ್ವಂತ ಮಗಳು. ಮನೆಯಲ್ಲಿ ಅಪ್ಪ, ತರಗತಿಯಲ್ಲಿ ಸಾರ್. ದೊಡ್ಡ ಊರಿನ ಕಾಲೇಜಿಗೆ ಅರ್ಜಿ ಹಾಕಿ, ಉತ್ತರ ಬಾರದೆ, ಅಪ್ಪನ ಕಾಲೇಜಿನಲ್ಲೇ ಕೂತಿದ್ದಳು.

ಮೇಷ್ಟ್ರು ಪಾಠ ಒಪ್ಪಿಸಿ ಹೋಗುವವರಲ್ಲ. ಬೆಂಚುಗಳನ್ನು ದುಂಡಗೆ ಹಾಕಿಸಿ ಚರ್ಚೆಗೆ ಬಿಡುತ್ತಿದ್ದರು. ಸೀಮೆಸುಣ್ಣ ಯಾರ ಕೈಯಲ್ಲಿದೆಯೋ ಮಾತು ಅವರದು. ಮೇಷ್ಟ್ರೂ ಅಡ್ಡಬಾಯಿ ಹಾಕುವಂತಿಲ್ಲ.

"ಸೀಮೆಸುಣ್ಣ ಅವಳ ಹತ್ರ ಇದೆ ಸಾರ್," ಬಾಯಾಳಿಯೊಬ್ಬಳು ನೆನಪಿಸಿದಳು. "ನೀವೇ ಮಾಡಿದ ಕಾನೂನು."

ಎಲ್ಲರೂ ನಕ್ಕರು. ಮೇಷ್ಟ್ರಿಗೆ ಕಿವಿ ಬಿಸಿಯಾಯಿತು. ಮಾತು ತಿರುಗಿಸಲು, "ಮೊದಲು ಆ ಪುಟದ ಕಷ್ಟದ ಪದಗಳನ್ನ ನೋಡು," ಎಂದು ದಪ್ಪ ನಿಘಂಟನ್ನು ಮಗಳತ್ತ ತಳ್ಳಿದರು. ಕಾಲೇಜಿನ ನಿಘಂಟು ರಟ್ಟು ಕಟ್ಟಲು ಹೋಗಿತ್ತು. ಬೆಳಿಗ್ಗೆ ಅವಸರದಲ್ಲಿ ಮನೆಯದನ್ನೇ ಎತ್ತಿಕೊಂಡು ಬಂದಿದ್ದರು.

ಅವಳು ತೆರೆದಳು. ಲಕೋಟೆಯೊಂದು ಜಾರಿ ಮಡಿಲಿಗೆ ಬಿತ್ತು.

ಜಗಳದ ಬಿಸಿಯಲ್ಲಿ ಮೇಷ್ಟ್ರಿಗೆ ಅದು ಮರೆತೇ ಹೋಗಿತ್ತು. ಮನೆಯಲ್ಲಿ ಆ ಪುಸ್ತಕ ಮುಟ್ಟುವವರು ತಾವೊಬ್ಬರೇ ಎಂದು ಹನ್ನೆರಡು ದಿನದ ಹಿಂದೆ ಅದನ್ನು ಅಲ್ಲಿ ತುರುಕಿದ್ದೇ ಅವರು.

ಓದುತ್ತ ಓದುತ್ತ ಅವಳ ಮುಖ ಬಿಳಿಚಿಕೊಂಡಿತು. "ಸೀಟು ಸಿಕ್ಕಿದೆ. ನಾಳೆ ಸಂಜೆಯೊಳಗೆ ಬಂದು ಸೇರ್ಕೋಬೇಕಂತೆ." ಕಾಗದದಿಂದ ತಲೆ ಎತ್ತಿದಳು. "ಕಾಗದ ಬಂತಾ ಅಂತ ದಿನಾ ಕೇಳ್ತಿದ್ದೆನಲ್ಲ ಅಪ್ಪ. ಪಾಪ, ಅಂಚೆಯವನನ್ನ ಬೈದ್ರಿ."

ತರಗತಿಯಲ್ಲಿ ಅವಳು ಅಪ್ಪ ಎಂದದ್ದು ಅದೇ ಮೊದಲು.

ಅವಳು ಎದ್ದುಬಂದು ಸೀಮೆಸುಣ್ಣವನ್ನು ಮೇಷ್ಟ್ರ ಅಂಗೈಯಲ್ಲಿಟ್ಟಳು.

"ತಗೊಳ್ಳಿ, ಈಗ ನೀವು ಹೇಳಿ. ಯಾರೂ ಅಡ್ಡ ಬರಲ್ಲ."

ಇಪ್ಪತ್ತು ವರ್ಷ ಆ ಕಾದಂಬರಿಯ ಅಪ್ಪನ ಪರವಾಗಿ ವಾದಿಸಿದ್ದ ಬಾಯಿಗೆ ಬೀಗ ಬಿದ್ದಿತ್ತು. ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ಅವಳು ಅದಕ್ಕಾಗಿ ಕಾದಳು. ಆಮೇಲೆ ಕಾಗದವನ್ನು ಚೀಲಕ್ಕೆ ಹಾಕಿಕೊಂಡು, ನಿಘಂಟು ಮುಚ್ಚಿಟ್ಟು ಹೊರಟಳು. ಗೇಟು ದಾಟಿ ಬಸ್ ನಿಲ್ದಾಣದ ಕಡೆ ತಿರುಗಿದ್ದು ಕಿಟಕಿಯಲ್ಲಿ ಎಲ್ಲರಿಗೂ ಕಂಡಿತು.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಸೀಮೆಸುಣ್ಣ ಇನ್ನೂ ಮೇಷ್ಟ್ರ ಕೈಯಲ್ಲೇ ಇತ್ತು. ಅವಳು ತಿರುಗಿ ಬರಲಿಲ್ಲ.