ಬೋರ್ತೊಲೊನ ಕೂಗು

ವೆನಿಸ್ಸಿನ ಸಂದಿಗಾಲುವೆಗಳಲ್ಲಿ ಮೂಲೆ ತಿರುಗುವ ದೋಣಿಯವನು "ಓಯೇ!" ಎಂದು ಕೂಗಲೇಬೇಕು, ನೇರ ಬರುವವನು ಅದನ್ನು ಕೇಳಿ ನಿಲ್ಲಬೇಕು. ಹೋದ ಚಳಿಗಾಲದಲ್ಲಿ ಬೋರ್ತೊಲೊ ತನ್ನ ಸರಕು ದೋಣಿಯನ್ನು ಕೂಗದೆಯೇ ತಿರುಗಿಸಿ, ಎದುರಿಗೆ ಬಂದ ಲುನಾರ್ಡೊನನ್ನು ಗೋಡೆಗೆ ಒತ್ತಿ ಕೊಂದನೆಂದು ಮೊಮೊಲೊ ನಂಬಿದ್ದ. ಸತ್ತವನು ಮೊಮೊಲೊನ ತಮ್ಮ. ಬೋರ್ತೊಲೊ ಮೊಮೊಲೊನ ತಂಗಿ ಜಾನ್ಸೆಯ ಗಂಡ. "ಕೂಗಿದ್ದೆ, ದೇವರಾಣೆ" ಎಂದು ಚರ್ಚಿನಲ್ಲೇ ನಿಂತು ಹೇಳಿದ್ದ. ಆಣೆ ಇಡುವುದಕ್ಕೇನು ಖರ್ಚು!

ಇವತ್ತು ಅದೇ ಮೂಲೆ. ಬೋರ್ತೊಲೊ ವೈನಿನ ಪೀಪಾಯಿ ಹೇರಿಕೊಂಡು ಈ ಕಡೆಗೇ ಹೊರಟದ್ದನ್ನು ಮೊಮೊಲೊ ಕಂಡೇ ಬಂದಿದ್ದ. ಕೂಗಿದರೆ ಬಿಟ್ಟುಬಿಡುವುದು, ಮತ್ತೆ ಆ ಮಾತೇ ಎತ್ತುವುದಿಲ್ಲ. ಕೂಗದಿದ್ದರೆ ಅವನನ್ನು ಇಲ್ಲೇ ಮುಗಿಸುವುದು.

ಮೊಮೊಲೊನ ಬಾಡಿಗೆ ದೋಣಿಯ ಮುಂಭಾಗದಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದ ಜರ್ಮನ್ ಪ್ರವಾಸಿ ಹೆಡ್ವಿಗ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ.

"ಇಲ್ಲೇ ನಿಲ್ಸಿ. ಬೆಳಕು ಚೆನ್ನಾಗಿದೆ."

"ಎಷ್ಟು ಬೇಕೋ ತೆಗೀರಮ್ಮ. ನಮ್ಮೂರು ಎಲ್ಲಿಗೂ ಓಡ್ಹೋಗಲ್ಲ."

ತೆಂಕಣ ಗಾಳಿ ಮೊಮೊಲೊನ ಬೆನ್ನಿಗೆ ರಾಚುತ್ತಿತ್ತು, ತಮ್ಮ ಸತ್ತ ದಿನ ಬೀಸಿದ ಹಾಗೆಯೇ. ಅವನು ಉಸಿರು ಬಿಗಿಹಿಡಿದು ಕಿವಿಗೊಟ್ಟ. ಕ್ಯಾಮೆರಾ ಟಕ್ಕೆಂದಿತು. ಕೂಗು ಬರಲಿಲ್ಲ. ಬಂದದ್ದು ಪೀಪಾಯಿ ದೋಣಿಯ ಮೂತಿ.

"ಇವತ್ತೂ ಕೂಗಲಿಲ್ವಲ್ಲೋ, ಬೋಳಿಮಗನೆ!"

ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದ. ಮೊದಲ ಏಟಿಗೆ ಬೋರ್ತೊಲೊನ ದವಡೆ ಮುರಿಯಿತು. ಏನೋ ಹೇಳಲು ಬಾಯಿ ತೆರೆದ. ರಕ್ತ ಬಂತು, ಮಾತು ಬರಲಿಲ್ಲ. ಎರಡನೆಯ ಏಟು ಕತ್ತಿಗೆ ಬಿತ್ತು. ದೋಣಿಗೂ ಗೋಡೆಗೂ ನಡುವೆ ಉರುಳಿದವನನ್ನು, ಹಿಡಿಯುವವರಿಲ್ಲದ ದೋಣಿ ತನ್ನ ಭಾರಕ್ಕೇ ವಾಲಿ ಅರೆಯಿತು. ಎಲುಬು ಮುರಿದ ಸದ್ದು ಎದುರಿನ ಕಿಟಕಿಗಳವರಿಗೂ ಕೇಳಿಸಿತು. ಮೊಮೊಲೊನ ಸಿಟ್ಟು ಅಷ್ಟಕ್ಕೂ ಇಳಿಯಲಿಲ್ಲ. ನೀರಿನಿಂದ ಮೇಲೆ ಬಂದು ದೋಣಿಯಂಚನ್ನು ಹುಡುಕುತ್ತಿದ್ದ ಬೆರಳುಗಳ ಮೇಲೂ ಬಾರಿಸಿದ. ಹೆಡ್ವಿಗ್ ತನ್ನ ಭಾಷೆಯಲ್ಲಿ ಏನೋ ಕಿರುಚುತ್ತಲೇ ಇದ್ದಳು. ಯಾರಿಗೂ ಅರ್ಥವಾಗಲಿಲ್ಲ.

ಮಾರನೆಯ ದಿನ ಠಾಣೆಯ ಸರಳುಗಳಾಚೆ ಜಾನ್ಸೆ ಬಂದು ನಿಂತಳು, ಜೊತೆಗೆ ಹೆಡ್ವಿಗ್. ಜಾನ್ಸೆ ಒಂದು ಫೋಟೋವನ್ನು ಒಳಗಿದ್ದ ಅಣ್ಣನತ್ತ ಚಾಚಿದಳು.

ಹಿಂದೆ ನಿಂತು ಹುಟ್ಟು ಹಾಕುವವನಿಗೆ ಗೋಡೆ ಅಡ್ಡವಿತ್ತು. ಮುಂದೆ ಕೂತವಳಿಗೆ ಮೂಲೆಯಾಚೆ ಕಂಡಿತ್ತು. ಫೋಟೋದಲ್ಲಿ ಬೋರ್ತೊಲೊ ಅಂಗೈಯನ್ನು ಬಾಯಿಗೆ ಅಡ್ಡವಿಟ್ಟು, ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದ.

ಮೊಮೊಲೊ ಹೆಡ್ವಿಗ್ ಕಡೆಗೆ ತಿರುಗಿದ. "ನಿಮ್ಗೆ ಕೇಳಿಸ್ತೇನಮ್ಮ?"

"ಇಲ್ಲ," ಎಂದಳು ಹೆಡ್ವಿಗ್. "ಗಾಳಿ."

ಹಾಗಾದರೆ ಲುನಾರ್ಡೊನಿಗೂ ಕೇಳಿಸಿರಲಿಲ್ಲ. ಆಣೆ ನಿಜವಾಗಿತ್ತು. ಮೊಮೊಲೊ ನೆಲಕ್ಕೆ ಕುಸಿದು, ಹುಚ್ಚು ಹಿಡಿದವನಂತೆ ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಆ ತೆರೆದ ಬಾಯಿಯನ್ನು ಇನ್ನೊಮ್ಮೆ ನೋಡಲಾರದೆ ಫೋಟೋ ಹರಿಯಹೋದ.

"ಹರೀಬೇಡ ಅಣ್ಣ, ಕೊಡಿಲ್ಲಿ," ಎಂದು ಜಾನ್ಸೆ ಸರಳುಗಳ ನಡುವೆ ಕೈ ತೂರಿಸಿದಳು. "ಅವರ ಫೋಟೋ ಅಂತ ಇರೋದು ಇದೊಂದೇ."